ಪುಣೆಯ ನಗರಮಧ್ಯ: ಕಣ್ಣಿಗೆ ಬೀಳುವ ನಶೆ ಮತ್ತು ಸಾರ್ವಜನಿಕ ಸುರಕ್ಷತೆ



ದತ್ತಿ ಉಪನ್ಯಾಸಗಳಿಗೆ ಸಾಹಿತ್ಯ, ಇತಿಹಾಸ, ಶಾಸನಗಳಂಥ ವಿಷಯಗಳನ್ನು ಆರಿಸಿಕೊಳ್ಳುವುದು ರೂಢಿ. ಆದರೆ ಒಂದು ಊರಿನಲ್ಲಿ ತಲೆಮಾರುಗಳಿಂದ ನೆಲೆಸಿ, ಅಲ್ಲಿನ ಕಾಲೇಜುಗಳಲ್ಲಿ ಓದಿ, ಅಲ್ಲಿನ ರಸ್ತೆಗಳಲ್ಲಿ ಹೋಟೆಲು ನಡೆಸಿ, ಅಲ್ಲಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಸಮುದಾಯವು ಆ ಊರಿನ ಬೀದಿಗಳಲ್ಲಿ ಏನಾಗುತ್ತಿದೆ ಎಂಬುದನ್ನೂ ವಿದ್ವತ್ ವೇದಿಕೆಯಲ್ಲಿ ಚರ್ಚಿಸಬೇಕಾಗುತ್ತದೆ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವಿ ಪಡೆದ ಊರು ಇದು; ಅದೇ ಕಾಲೇಜಿನ ಹೆಸರು ಹೊತ್ತ ರಸ್ತೆಯಲ್ಲಿ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ‘ವೈಶಾಲಿ’ಯ ದೋಸೆಗಾಗಿ ಇಂದಿಗೂ ಜನ ಸಾಲು ನಿಲ್ಲುತ್ತಾರೆ. 2024ರ ಜೂನ್ ತಿಂಗಳಲ್ಲಿ ಇದೇ ರಸ್ತೆಯ ಒಂದು ಬಾರಿನ ಶೌಚಾಲಯದಲ್ಲಿ ಯುವಕರು ಮಾದಕ ವಸ್ತುವನ್ನು ಸೇವಿಸುತ್ತಿರುವರೆನ್ನಲಾದ ದೃಶ್ಯವು ಮೊಬೈಲಿನಿಂದ ಮೊಬೈಲಿಗೆ ಹರಿದು ಮಹಾರಾಷ್ಟ್ರದಾದ್ಯಂತ ಸುದ್ದಿಯಾಯಿತು.

ಆ ದೃಶ್ಯದ ಬೆನ್ನಿಗೇ ಪೊಲೀಸ್ ಮತ್ತು ಅಬಕಾರಿ ಅಧಿಕಾರಿಗಳು ಅಮಾನತಾದರು, ಪಬ್ಬುಗಳ ಅನಧಿಕೃತ ಭಾಗಗಳನ್ನು ಪಾಲಿಕೆ ಕೆಡವಿತು, ‘ವಿದ್ಯೆಯ ತವರು ಹಾಳಾಯಿತು’ ಎಂಬ ಮಾತು ಪತ್ರಿಕೆಗಳಲ್ಲಿ ಪದೇ ಪದೇ ಬಂದಿತು. ಪ್ರಸ್ತುತ ಉಪನ್ಯಾಸವು ಆ ಗದ್ದಲದ ಆಚೆಗಿನ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ: ನಗರಮಧ್ಯದಲ್ಲಿ ಕಣ್ಣಿಗೆ ಬೀಳುವ ಮಾದಕ ಸೇವನೆಗೂ ಆ ನಗರಮಧ್ಯದ ಜನರ ಸುರಕ್ಷತೆಗೂ ಇರುವ ನಿಜವಾದ ಸಂಬಂಧ ಏನು? ಮೊದಲು ಪುಣೆಯಲ್ಲಿ ಈ ಸಮಸ್ಯೆಯ ಹಿನ್ನೆಲೆಯನ್ನೂ, ಅನಂತರ ವಸ್ತುವಿನ ಸ್ವರೂಪವೇ ಬದಲಾದ ರೀತಿಯನ್ನೂ ವಿವರಿಸಿ, ಆಮೇಲೆ ಕಾನೂನು ಯಾರನ್ನು ನೋಡುತ್ತದೆ ಮತ್ತು ಯಾರನ್ನು ನೋಡುವುದಿಲ್ಲ ಎಂಬುದನ್ನು ಪರಿಶೀಲಿಸಿ, ಕೊನೆಗೆ ಸುರಕ್ಷತೆಯ ಪ್ರಶ್ನೆಗೆ ಬರಲಾಗುವುದು. ಹೊರದೇಶಗಳ ಅನುಭವವನ್ನು ಅಗತ್ಯವಿದ್ದಷ್ಟು ಮಾತ್ರ ತರಲಾಗುವುದು.

ನಗರಮಧ್ಯ ಎಂಬ ಮಾತನ್ನು ಮೊದಲಿಗೆ ಸ್ಪಷ್ಟಪಡಿಸಿಕೊಳ್ಳಬೇಕು. ಪಾಶ್ಚಾತ್ಯ ನಗರಗಳಲ್ಲಿ ಕಚೇರಿಗಳೂ ಮಳಿಗೆಗಳೂ ಒತ್ತೊತ್ತಾಗಿ ನಿಂತು, ಸಂಜೆಯಾದೊಡನೆ ಜನ ಉಪನಗರಗಳಿಗೆ ಹಿಂದಿರುಗಿ ಬರಿದಾಗುವ ಒಂದೇ ಒಂದು ಕೇಂದ್ರವಿರುತ್ತದೆ. ಪುಣೆಗೆ ಅಂಥ ಒಂದೇ ಕೇಂದ್ರವಿಲ್ಲ. ಪೇಶ್ವೆಯರ ಕಾಲದಿಂದ ಬಂದ ಪೇಠಗಳು ಒಂದು ಕೇಂದ್ರವಾದರೆ, ಬ್ರಿಟಿಷರು ಕಟ್ಟಿದ ಕ್ಯಾಂಪ್ ಮತ್ತು ರೈಲು ನಿಲ್ದಾಣದ ಸುತ್ತಲಿನ ಭಾಗ ಇನ್ನೊಂದು. ಡೆಕ್ಕನ್ ಜಿಮಖಾನಾದಿಂದ ಶಿವಾಜಿನಗರದವರೆಗಿನ ಕಾಲೇಜು ರಸ್ತೆಗಳು ಮೂರನೆಯದು. ಕೋರೆಗಾಂವ್ ಪಾರ್ಕ್, ಕಲ್ಯಾಣಿನಗರ, ಮುಂಢವಾಗಳಲ್ಲಿ ಕಳೆದ ಎರಡು ದಶಕಗಳಲ್ಲಿ ಬೆಳೆದ ರಾತ್ರಿಯ ಪುಣೆ ನಾಲ್ಕನೆಯದು. 2021ರಲ್ಲಿ 23 ಹಳ್ಳಿಗಳು ಸೇರಿದ ಮೇಲೆ ಪಾಲಿಕೆಯ ವಿಸ್ತೀರ್ಣ 516 ಚದರ ಕಿಲೋಮೀಟರ್ ದಾಟಿತು. ಊರು ಹೀಗೆ ಹಿಗ್ಗಿದರೂ ಜನ ಸೇರುವ ಜಾಗಗಳು ಹೆಚ್ಚು ಬದಲಾಗಿಲ್ಲ. ಎಲ್ಲರ ಕಣ್ಣು ನೆಟ್ಟಿರುವುದೂ ಆ ಜಾಗಗಳ ಮೇಲೆಯೇ.

ಇನ್ನು ಹಿನ್ನೆಲೆಗೆ ಬರಬಹುದು. ಗಾಂಜಾ ಮತ್ತು ಅಫೀಮು ಈ ದೇಶಕ್ಕೆ ಹೊಸವಲ್ಲ. 1985ರ ನವೆಂಬರ್ 14ರಂದು ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ, ಅಂದರೆ ಜನ ಎನ್‌ಡಿಪಿಎಸ್ ಎಂದು ಕರೆಯುವ ಕಾಯ್ದೆ, ಜಾರಿಗೆ ಬರುವವರೆಗೂ ಅನೇಕ ಪ್ರಾಂತಗಳಲ್ಲಿ ಪರವಾನಗಿ ಪಡೆದ ಅಂಗಡಿಗಳಲ್ಲಿ ಗಾಂಜಾ ಮಾರಾಟವಾಗುತ್ತಿತ್ತು. ಗಿಡದ ಎಲೆಯಿಂದ ತಯಾರಾಗುವ ಭಂಗಿಯನ್ನು ಆ ಕಾಯ್ದೆ ಇಂದಿಗೂ ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಒಂದೇ ಗಿಡದ ಹೂವಿಗೆ ಸೆರೆಮನೆ, ಎಲೆಗೆ ಹೋಳಿ ಹಬ್ಬ ಎಂಬ ಈ ವ್ಯವಸ್ಥೆಯ ವಿಚಿತ್ರವನ್ನು ಶ್ರೋತೃಗಳು ಗಮನಿಸದೇ ಇರಲಾರರು. ಪುಣೆಯಂಥ ನಗರಗಳನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು 1980ರ ದಶಕದ ಆರಂಭದಲ್ಲಿ ಬಂದ ಬ್ರೌನ್ ಶುಗರ್. ಶುದ್ಧೀಕರಿಸದ, ಕಂದುಬಣ್ಣದ ಹೆರಾಯಿನ್ ಪುಡಿ ಇದು; ಮರಾಠಿ ಬೀದಿಮಾತಿನಲ್ಲಿ ಇದರ ಹೆಸರು ‘ಗರ್ದ್’. ತವರದ ಹಾಳೆಯ ಮೇಲೆ ಕಾಯಿಸಿ ಹೊಗೆಯನ್ನು ಎಳೆದುಕೊಳ್ಳುವ ಈ ಪುಡಿಯು ಕೆಲವೇ ವಾರಗಳಲ್ಲಿ ದೇಹವನ್ನು ಹಿಡಿದುಕೊಳ್ಳುತ್ತದೆ. ಅದು ಸಿಗದಿದ್ದಾಗ ಮೈಕೈ ನೋವು, ವಾಂತಿ, ಭೇದಿ, ನಡುಕ, ನಿದ್ರಾಹೀನತೆಗಳು ಒಟ್ಟಿಗೇ ಕಾಡುತ್ತವೆ; ವ್ಯಸನಿಗಳು ಈ ಸ್ಥಿತಿಯನ್ನು ‘ಟರ್ಕಿ’ ಎಂದು ಕರೆಯುತ್ತಾರೆ. ಆ ಯಾತನೆಯ ಭಯದಿಂದಲೇ ಮನೆಯ ಪಾತ್ರೆ, ತಾಯಿಯ ಬಳೆ, ಗೆಳೆಯನ ಸೈಕಲ್ಲು ಮಾರಾಟವಾದವು.

ಇಲ್ಲಿ ಪುಣೆಯ ಇತಿಹಾಸದ ಒಂದು ದೊಡ್ಡ ಅಧ್ಯಾಯ ಆರಂಭವಾಗುತ್ತದೆ. ವೈದ್ಯಕೀಯ ಓದಿ ಪತ್ರಕರ್ತರಾದ ಅನಿಲ್ ಅವಚಟ್ ಅವರು ಗರ್ದ್‌ಗೆ ಸಿಕ್ಕಿದ ಯುವಕರನ್ನು ಅವರ ಅಡ್ಡೆಗಳಲ್ಲಿಯೇ ಭೇಟಿಮಾಡಿ ಮರಾಠಿಯಲ್ಲಿ ಲೇಖನಮಾಲೆ ಬರೆದರು. ಅದು ಅನಂತರ ‘ಗರ್ದ್’ ಎಂಬ ಪುಸ್ತಕವೂ ಆಯಿತು. ಅವರ ಪತ್ನಿ, ಮನೋವೈದ್ಯೆ ಡಾ. ಅನಿತಾ ಅವಚಟ್, ಯರವಡಾದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಲೇಖನಗಳನ್ನು ಓದಿ ಕಲಕಿಹೋದ ಪು. ಲ. ದೇಶಪಾಂಡೆ ಮತ್ತು ಸುನೀತಾ ದೇಶಪಾಂಡೆ ದಂಪತಿ ನೆರವಿನ ಹಣದೊಡನೆ ಮುಂದೆ ಬಂದರು. ಮಹಾರಾಷ್ಟ್ರವನ್ನು ನಗಿಸುವುದರಲ್ಲಿ ಸರಿಸಾಟಿಯಿಲ್ಲದ ಲೇಖಕನೊಬ್ಬ ತನ್ನ ಗಳಿಕೆಯನ್ನು ಸಮಾಜವು ಮುಖ ತಿರುಗಿಸಿಕೊಂಡಿದ್ದ ವ್ಯಸನಿಗಳಿಗೆ ತೆಗೆದಿಟ್ಟದ್ದು ಸಾಹಿತ್ಯ ಚರಿತ್ರೆಗಳಲ್ಲಿಯೂ ದಾಖಲಾಗಬೇಕಾದ ಸಂಗತಿ. ಹೀಗೆ 1986ರ ಆಗಸ್ಟ್ 29ರಂದು ಯರವಡಾ ಆಸ್ಪತ್ರೆಯ ಆವರಣದಲ್ಲಿಯೇ ‘ಮುಕ್ತಾಂಗಣ’ ವ್ಯಸನಮುಕ್ತಿ ಕೇಂದ್ರ ಆರಂಭವಾಯಿತು.

ಮುಕ್ತಾಂಗಣದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ, ಏಕೆಂದರೆ ಮುಂದಿನ ವಾದವೆಲ್ಲ ಅದರ ಮೇಲೆ ನಿಂತಿದೆ. ವ್ಯಸನವನ್ನು ಪಾಪವೆಂದೋ ಅಪರಾಧವೆಂದೋ ಕಾಣದೆ, ಮತ್ತೆ ಮತ್ತೆ ಮರುಕಳಿಸಬಹುದಾದ ಕಾಯಿಲೆಯೆಂದು ಕಂಡದ್ದು ಅದರ ಮೊದಲ ಹೆಜ್ಜೆ. ಒಳಗೆ ಬಂದವನಿಗೆ ಮೊದಲು ‘ಟರ್ಕಿ’ ದಾಟಿಸುವ ಔಷಧೋಪಚಾರ ನಡೆಯುತ್ತದೆ. ಆಮೇಲಿನ ವಾರಗಳಲ್ಲಿ ಗುಂಪು ಮಾತುಕತೆ, ಯೋಗ, ಶ್ರಮ, ಆಪ್ತ ಸಮಾಲೋಚನೆ ನಡೆಯುತ್ತವೆ. ಆಪ್ತ ಸಮಾಲೋಚಕರಲ್ಲಿ ಹಲವರು ಹಿಂದೆ ಸ್ವತಃ ವ್ಯಸನಿಗಳಾಗಿದ್ದು ಹೊರಬಂದವರು ಎಂಬುದೇ ಆ ಸಂಸ್ಥೆಯ ಶಕ್ತಿ. ಸುಳ್ಳು ಹೇಳುವ ವ್ಯಸನಿಯ ಎದುರು ಅದೇ ಸುಳ್ಳನ್ನು ಒಮ್ಮೆ ಹೇಳಿದ್ದವನೇ ಕುಳಿತಿದ್ದಾಗ ಮಾತುಕತೆಯ ದಾರಿಯೇ ಬದಲಾಗುತ್ತದೆ. ವ್ಯಸನಿಗಳ ಹೆಂಡತಿಯರಿಗಾಗಿ ‘ಸಹಚರಿ’ ಎಂಬ ಗುಂಪು ಹುಟ್ಟಿತು. ಮಹಿಳಾ ವ್ಯಸನಿಗಳಿಗಾಗಿ ‘ನಿಶಿಗಂಧ’ ಎಂಬ ಪ್ರತ್ಯೇಕ ವಿಭಾಗ ಬಂದಿತು. ಬಿಡುಗಡೆಯಾದವನನ್ನು ಊರೂರುಗಳಲ್ಲಿ ಮತ್ತೆ ಭೇಟಿಮಾಡುವ ವ್ಯವಸ್ಥೆ ಬೆಳೆಯಿತು. ಡಾ. ಅನಿತಾ 1997ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು, ಅನಿಲ್ ಅವಚಟ್ 2022ರ ಜನವರಿಯಲ್ಲಿ. ಮಗಳು ಮುಕ್ತಾ ಪುಣತಾಂಬೇಕರ್ ಕೆಲಸ ಮುಂದುವರಿಸಿದ್ದಾರೆ. ಮಾದಕ ವ್ಯಸನದ ಬಗ್ಗೆ ಪುಣೆ ದೇಶಕ್ಕೆ ಕೊಟ್ಟಿರುವ ನಿಜವಾದ ಕೊಡುಗೆ ಇದು. ಈ ಊರಿನ ಹೆಸರು ಕೆಟ್ಟಿತೆಂದು ಕೊರಗುವವರು ಇದನ್ನು ನೆನೆಯುವುದು ಕಡಿಮೆ.

ಹಿನ್ನೆಲೆ ಇಷ್ಟು ಸಾಕು. ಈಗ ಎರಡನೆಯ ಅಂಶಕ್ಕೆ, ಅಂದರೆ ವಸ್ತುವೇ ಬದಲಾದ ಸಂಗತಿಗೆ ಹೋಗಬಹುದು. ಗಾಂಜಾ ಹೊಲದಲ್ಲಿ ಬೆಳೆಯುತ್ತದೆ, ಹೆರಾಯಿನ್ ಗಸಗಸೆಯ ಹೊಲದಿಂದ ಗಡಿ ದಾಟಿ ಬರುತ್ತದೆ; ಎರಡಕ್ಕೂ ಮಣ್ಣು, ಮಳೆ, ದೂರದ ಸಾಗಣೆ ಬೇಕು. ಇತ್ತೀಚಿನ ವರ್ಷಗಳಲ್ಲಿ ಪುಣೆಯ ಪೊಲೀಸ್ ದಾಖಲೆಗಳಲ್ಲಿ ಮೇಲೆದ್ದಿರುವುದು ಮೆಫೆಡ್ರೋನ್. ಬೀದಿಯಲ್ಲಿ ಇದು ‘ಎಂ.ಡಿ.’. ಇದಕ್ಕೆ ಹೊಲ ಬೇಡ, ರಾಸಾಯನಿಕ ಕಾರ್ಖಾನೆ ಸಾಕು. ಔಷಧ ಮತ್ತು ರಾಸಾಯನಿಕ ಉದ್ಯಮ ಬೆಳೆದ ಪ್ರದೇಶದಲ್ಲಿ, ಅದೇ ಉದ್ಯಮದ ಪರಿಣತಿ ಮತ್ತು ಸಲಕರಣೆಗಳನ್ನು ಬಳಸಿ ಇದನ್ನು ತಯಾರಿಸಬಹುದು. ಇದು 2015ರ ಆರಂಭದಲ್ಲಷ್ಟೇ ಎನ್‌ಡಿಪಿಎಸ್ ಪಟ್ಟಿಗೆ ಸೇರಿತು. ಅಲ್ಲಿಯವರೆಗೆ ಇದನ್ನು ಹಿಡಿದ ಪೊಲೀಸರಿಗೂ ಯಾವ ಕಲಮಿನಡಿ ಹಾಕುವುದೆಂಬ ಗೊಂದಲವಿತ್ತು. ಉತ್ತೇಜಕ ವರ್ಗಕ್ಕೆ ಸೇರಿದ ಈ ವಸ್ತು ನಿದ್ರೆಯನ್ನು ದೂಡಿ, ಹುರುಪನ್ನು ಕೊಟ್ಟು, ಆಮೇಲೆ ಆತಂಕ ಮತ್ತು ಖಿನ್ನತೆಯಲ್ಲಿ ಕೆಡವುತ್ತದೆ. ಹೆರಾಯಿನ್ ಸೇದಿದವನಂತೆ ಇದನ್ನು ಸೇವಿಸಿದವನು ಮೂಲೆಯಲ್ಲಿ ತೂಕಡಿಸುವುದಿಲ್ಲವಾದ್ದರಿಂದ, ಬಹಳ ಕಾಲ ಯಾರ ಕಣ್ಣಿಗೂ ಬೀಳದೆ ಕಚೇರಿ, ಕಾಲೇಜುಗಳಲ್ಲಿ ಓಡಾಡಿಕೊಂಡಿರಬಲ್ಲ.

2024ರ ಫೆಬ್ರುವರಿಯಲ್ಲಿ ಸೋಮವಾರ ಪೇಠದಲ್ಲಿ ಸಿಕ್ಕ ಒಂದಷ್ಟು ಎಂ.ಡಿ.ಯ ಜಾಡು ಹಿಡಿದ ಪುಣೆ ಪೊಲೀಸರು ವಿಶ್ರಾಂತವಾಡಿಯ ಗೋದಾಮಿಗೂ, ಅಲ್ಲಿಂದ ದೌಂಡ್ ತಾಲ್ಲೂಕಿನ ಕುರಕುಂಭ ಕೈಗಾರಿಕಾ ವಸಾಹತಿನ ಒಂದು ರಾಸಾಯನಿಕ ಘಟಕಕ್ಕೂ, ಮುಂದೆ ಸಾಂಗ್ಲಿಗೂ ದೆಹಲಿಗೂ ತಲುಪಿದರು. ಒಟ್ಟು ವಶವಾದದ್ದು 1,700 ಕಿಲೋಗ್ರಾಮಿಗೂ ಹೆಚ್ಚು. ಪೊಲೀಸರ ಲೆಕ್ಕದಲ್ಲಿ ಅದರ ಬೆಲೆ 3,500 ಕೋಟಿ ರೂಪಾಯಿಗೂ ಮಿಗಿಲು. ಕಾಯ್ದೆಯ ದೃಷ್ಟಿಯಲ್ಲಿ 50 ಗ್ರಾಮ್ ಎಂ.ಡಿ.ಯೇ ‘ವಾಣಿಜ್ಯ ಪ್ರಮಾಣ’. ಅದಕ್ಕೆ ಕನಿಷ್ಠ 10 ವರ್ಷಗಳ ಕಠಿಣ ಶಿಕ್ಷೆ. ಕುರಕುಂಭ ಇರುವುದು ಪುಣೆ–ಸೋಲಾಪುರ ಹೆದ್ದಾರಿಯಲ್ಲಿ, ವಿಜಯಪುರ, ಕಲಬುರಗಿಗಳ ಬಸ್ಸುಗಳು ದಿನವೂ ಹಾದುಹೋಗುವ ದಾರಿಯಲ್ಲಿ. ಟನ್ನುಗಟ್ಟಲೆ ಮಾದಕ ವಸ್ತು ತಯಾರಾದ ಈ ಜಾಗದಲ್ಲಿ ಸೇವಿಸುವವನೊಬ್ಬನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಸುತ್ತಲಿನ ಯಾರಿಗೂ ಅಸುರಕ್ಷತೆಯ ಭಾವ ಮೂಡಿರಲಿಲ್ಲ.

ಇದಕ್ಕೆ ನಾಲ್ಕೈದು ತಿಂಗಳ ಹಿಂದಿನ ಪ್ರಕರಣ ಇನ್ನೂ ಕಟುವಾದದ್ದು. 1867ರಿಂದ ಬಡವರ ಪಾಲಿನ ಆಸರೆಯಾಗಿರುವ ಸಸೂನ್ ಸಾರ್ವಜನಿಕ ಆಸ್ಪತ್ರೆಯ ಕೈದಿಗಳ ವಾರ್ಡಿನಲ್ಲಿ ತಿಂಗಳುಗಟ್ಟಲೆ ದಾಖಲಾಗಿದ್ದ ವಿಚಾರಣಾಧೀನ ಕೈದಿಯೊಬ್ಬ ಅಲ್ಲಿಂದಲೇ ಎಂ.ಡಿ. ವ್ಯವಹಾರ ನಡೆಸುತ್ತಿದ್ದನೆಂಬ ಆರೋಪವು 2023ರ ಸೆಪ್ಟೆಂಬರ್ ಕೊನೆಯಲ್ಲಿ ಹೊರಬಿದ್ದಿತು. ಆಸ್ಪತ್ರೆಯ ಹೊರಗೇ ಮಾಲು ಸಿಕ್ಕಿತು. ಅಕ್ಟೋಬರ್ 2ರಂದು ಆತ ಆಸ್ಪತ್ರೆಯಿಂದ ತಪ್ಪಿಸಿಕೊಂಡ. ಎರಡು ವಾರಗಳ ಬಳಿಕ ಮುಂಬೈ ಪೊಲೀಸರಿಗೆ ಬೆಂಗಳೂರಿನ ಬಳಿ ಸಿಕ್ಕಿಬಿದ್ದ. 2024ರ ಮಾರ್ಚಿನಲ್ಲಿ ಪಿಂಪ್ರಿ-ಚಿಂಚವಾಡದಲ್ಲಿ ಪೊಲೀಸ್ ಅಧಿಕಾರಿಯೊಬ್ಬರೇ ಎಂ.ಡಿ. ಪ್ರಕರಣದಲ್ಲಿ ಬಂಧನಕ್ಕೊಳಗಾದರು. ಬೀದಿಯಲ್ಲಿ ನಶೆ ಮಾಡಿದವನನ್ನು ಹಿಡಿಯುವುದಕ್ಕೆ ಮೀಸಲಾದ ವ್ಯವಸ್ಥೆಯ ಒಳಗೇ ದಂಧೆ ಸೇರಿಕೊಳ್ಳಬಹುದು ಎಂಬುದಕ್ಕೆ ಇಷ್ಟು ಉದಾಹರಣೆ ಸಾಕು.

ಮೂರನೆಯ ಅಂಶವೆಂದರೆ ಕಾನೂನಿನ ಕಣ್ಣು. ಎನ್‌ಡಿಪಿಎಸ್ ಕಾಯ್ದೆಯ 27ನೆಯ ಕಲಮಿನ ಪ್ರಕಾರ ಮಾದಕ ವಸ್ತುವಿನ ಸೇವನೆಯೇ ಅಪರಾಧ: ಹೆರಾಯಿನ್, ಕೊಕೇನ್‌ಗಳಾದರೆ ಒಂದು ವರ್ಷದವರೆಗೆ ಸೆರೆಮನೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ; ಇತರ ವಸ್ತುಗಳಾದರೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅದೇ ಕಾಯ್ದೆಯ 64ಎ ಕಲಮು, ಸಣ್ಣ ಪ್ರಮಾಣದ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿಯು ತಾನಾಗಿ ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆಗೆ ಒಪ್ಪಿಕೊಂಡರೆ ಆತನಿಗೆ ವಿಚಾರಣೆಯಿಂದ ವಿನಾಯಿತಿ ಕೊಡುತ್ತದೆ. ಶಿಕ್ಷೆಯ ಕಲಮು ಠಾಣೆಯ ಪ್ರತಿಯೊಬ್ಬ ಸಿಬ್ಬಂದಿಗೂ ಬಾಯಿಪಾಠ. ವಿನಾಯಿತಿಯ ಕಲಮು ನ್ಯಾಯಾಲಯಗಳಲ್ಲಿ ಅಪರೂಪದ ಅತಿಥಿ.

ಮುಂಬೈಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ 2017 ಮತ್ತು 2018ರಲ್ಲಿ ಇತ್ಯರ್ಥವಾದ ಹತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಎಂಬ ಸಂಶೋಧನಾ ಸಂಸ್ಥೆ ಪರಿಶೀಲಿಸಿದಾಗ, ಬಹುತೇಕ ಎಲ್ಲವೂ ಸ್ವಂತ ಸೇವನೆಯ ಪ್ರಕರಣಗಳಾಗಿದ್ದವು. ಅವುಗಳಲ್ಲಿ ಶೇಕಡಾ 87ರಷ್ಟು ಗಾಂಜಾಕ್ಕೆ ಸಂಬಂಧಿಸಿದ್ದವು. ಸಿಕ್ಕಿಬಿದ್ದವರಲ್ಲಿ ದೊಡ್ಡ ಪಾಲು ಕೊಳೆಗೇರಿ ಮತ್ತು ಫುಟ್‌ಪಾತ್‌ಗಳ ದಿನಗೂಲಿಯವರದು. ಇದರ ಕಾರಣ ಸರಳವಾಗಿದೆ. ಬಾಗಿಲು ಹಾಕಿಕೊಳ್ಳಲು ಕೋಣೆಯಿಲ್ಲದವನು ರಸ್ತೆಯಲ್ಲಿ ಸೇದುತ್ತಾನೆ, ಫ್ಲ್ಯಾಟ್ ಇದ್ದವನು ಫ್ಲ್ಯಾಟಿನಲ್ಲಿ. ಪೊಲೀಸ್ ಗಸ್ತು ರಸ್ತೆಯಲ್ಲಿ ನಡೆಯುತ್ತದೆ.

ಪುಣೆಯಲ್ಲಿ ಈ ಅಂತರವನ್ನು ಎರಡು ದೃಶ್ಯಗಳಲ್ಲಿ ಕಾಣಬಹುದು. ಫರ್ಗ್ಯುಸನ್ ರಸ್ತೆಯ ಬಾರಿನ ದೃಶ್ಯ ಮುಖ್ಯಮಂತ್ರಿಯವರೆಗೂ ಹೋಯಿತು. ರೈಲು ನಿಲ್ದಾಣದ ಸುತ್ತ, ಮೇಲ್ಸೇತುವೆಗಳ ಕೆಳಗೆ, ಬಟ್ಟೆಯ ತುಂಡಿಗೆ ‘ಸಲ್ಯೂಷನ್’ ಹಚ್ಚಿ ಮೂಸುವ ಮಕ್ಕಳ ದೃಶ್ಯ ಯಾವ ಸಚಿವರ ಮೇಜಿಗೂ ಹೋಗುವುದಿಲ್ಲ. ಸಲ್ಯೂಷನ್ ಎಂದರೆ ಪಂಕ್ಚರ್ ಹಾಕುವ ಅಂಟು. ಅದರಲ್ಲಿನ ಆವಿಯಾಗುವ ದ್ರಾವಕಗಳು ಹಸಿವು ಮತ್ತು ಚಳಿಯನ್ನು ಸ್ವಲ್ಪ ಹೊತ್ತು ಮರೆಸಿ, ಮಿದುಳನ್ನೂ ನರಗಳನ್ನೂ ಹಾಳುಮಾಡುತ್ತವೆ. ಅದು ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ, ಎನ್‌ಡಿಪಿಎಸ್ ಪಟ್ಟಿಯಲ್ಲಿಲ್ಲ. ಬಾಲನ್ಯಾಯ ಕಾಯ್ದೆ, 2015ರ 77ನೆಯ ಕಲಮು ಮಗುವಿಗೆ ನಶೆಯ ವಸ್ತು ಕೊಡುವವರಿಗೆ ಏಳು ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆಯಾದರೂ, ಪಂಕ್ಚರ್ ಅಂಗಡಿಯವನನ್ನು ಆ ಕಲಮಿನಡಿ ತರುವುದು ಸುಲಭವಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮೂಸುವ ನಶೆಯೊಂದೇ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚಾಗಿ ಕಂಡುಬಂದ ವರ್ಗ: ದೊಡ್ಡವರಲ್ಲಿ ಶೇಕಡಾ 0.58, ಮಕ್ಕಳಲ್ಲಿ ಶೇಕಡಾ 1.17. ವಿಜಯಪುರ, ಯಾದಗಿರಿ, ಕಲಬುರಗಿಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಈ ಅಪಾಯದ ಅಂಚಿನಲ್ಲಿಯೇ ಬೆಳೆಯುತ್ತಾರೆ ಎಂಬುದನ್ನು ಕನ್ನಡದ ಸಭೆಯೊಂದು ಮರೆಯಬಾರದು.

ಇದೇ ಸಮೀಕ್ಷೆಯ ಇನ್ನೊಂದು ಮಾಹಿತಿ ಸುರಕ್ಷತೆಯ ಪ್ರಶ್ನೆಗೆ ದಾರಿ ಮಾಡಿಕೊಡುತ್ತದೆ. ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ; ಗಾಂಜಾ, ಭಂಗಿ ಬಳಸುವವರು ಸುಮಾರು 3.1 ಕೋಟಿ, ಅಫೀಮು ವರ್ಗದ ವಸ್ತುಗಳನ್ನು ಬಳಸುವವರು ಸುಮಾರು 2.26 ಕೋಟಿ. ಅಂದರೆ ರಸ್ತೆಯಲ್ಲಿ ಇನ್ನೊಬ್ಬರ ಜೀವಕ್ಕೆ ಅಪಾಯ ಒಡ್ಡಬಲ್ಲ ನಶೆಯ ಬಹುಪಾಲು ಸರ್ಕಾರದ ಪರವಾನಗಿಯಲ್ಲಿಯೇ ಮಾರಾಟವಾಗುತ್ತಿದೆ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಅಪ್ರಾಪ್ತನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಿತು. ಆ ಪ್ರಕರಣದ ಆರೋಪಪಟ್ಟಿಯಲ್ಲಿರುವುದು ಪಬ್ಬಿನ ಮದ್ಯ, ರಕ್ತದ ಮಾದರಿಯ ಅದಲುಬದಲು ಮತ್ತು ಹಣ. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ಮದ್ಯಕ್ಕೆ 25 ವರ್ಷ ತುಂಬಿರಬೇಕೆಂಬ ನಿಯಮ ಆಗಲೂ ಇತ್ತು.

ಇಲ್ಲಿಂದ ಉಪನ್ಯಾಸದ ಮುಖ್ಯ ಪ್ರಶ್ನೆಗೆ ಬರಬಹುದು: ನಗರಮಧ್ಯವು ಯಾವಾಗ ಅಸುರಕ್ಷಿತವಾಗುತ್ತದೆ? ಈ ಬಗ್ಗೆ ನಗರಶಾಸ್ತ್ರದಲ್ಲಿ ಎರಡು ಪ್ರಸಿದ್ಧ ವಾದಗಳಿವೆ. 1982ರಲ್ಲಿ ಅಮೆರಿಕದ ವಿಲ್ಸನ್ ಮತ್ತು ಕೆಲಿಂಗ್ ಮಂಡಿಸಿದ ‘ಒಡೆದ ಕಿಟಕಿ’ಯ ವಾದದಂತೆ, ಸಣ್ಣಪುಟ್ಟ ಅವ್ಯವಸ್ಥೆಯನ್ನು ಹಾಗೆಯೇ ಬಿಟ್ಟರೆ ಇಲ್ಲಿ ಯಾರೂ ಕೇಳುವವರಿಲ್ಲ ಎಂಬ ಸಂದೇಶ ಹೋಗಿ ದೊಡ್ಡ ಅಪರಾಧಗಳಿಗೆ ದಾರಿಯಾಗುತ್ತದೆ. ಇದಕ್ಕೂ ಎರಡು ದಶಕಗಳ ಮೊದಲು, 1961ರಲ್ಲಿ, ಜೇನ್ ಜೇಕಬ್ಸ್ ಹೇಳಿದ್ದು ಬೇರೆ: ಬೀದಿಯನ್ನು ಕಾಯುವುದು ಮುಖ್ಯವಾಗಿ ಪೊಲೀಸರಲ್ಲ, ಆ ಬೀದಿಯಲ್ಲಿ ಅಂಗಡಿ ಇಟ್ಟವರು, ಜಗಲಿಯಲ್ಲಿ ಕುಳಿತವರು, ಹಾದುಹೋಗುವವರು. ಮೊದಲನೆಯ ವಾದ ಆಡಳಿತಗಾರರಿಗೆ ಪ್ರಿಯ, ಏಕೆಂದರೆ ಅದರಿಂದ ಕಾರ್ಯಾಚರಣೆ ನಡೆಸಬಹುದು, ಚಿತ್ರ ತೆಗೆಸಬಹುದು. ಪುಣೆಯ ಅನುಭವ ಎರಡನೆಯದರ ಕಡೆಗೆ ವಾಲುತ್ತದೆ.

2025ರ ಫೆಬ್ರುವರಿ 25ರ ಮುಂಜಾನೆ ಆರು ಗಂಟೆಯ ಸುಮಾರಿಗೆ, ಸ್ವಾರ್‌ಗೇಟ್ ಬಸ್ ನಿಲ್ದಾಣದಲ್ಲಿ ಊರಿಗೆ ಹೋಗಲು ಕಾಯುತ್ತಿದ್ದ ಯುವತಿಯೊಬ್ಬಳನ್ನು ಬಸ್ಸು ಅಲ್ಲಿದೆಯೆಂದು ನಂಬಿಸಿ, ಕತ್ತಲಲ್ಲಿ ನಿಂತಿದ್ದ ಖಾಲಿ ‘ಶಿವಶಾಹಿ’ ಬಸ್ಸಿಗೆ ಹತ್ತಿಸಿ ಅತ್ಯಾಚಾರ ಎಸಗಲಾಯಿತು. ಪೊಲೀಸ್ ಠಾಣೆ ಕೂಗಳತೆಯಲ್ಲಿತ್ತು. ಪ್ರಕರಣದ ಬೆನ್ನಿಗೆ ನಿಲ್ದಾಣದ ಹಿಂಭಾಗವನ್ನು ನೋಡಿದವರಿಗೆ ತುಕ್ಕು ಹಿಡಿದು ನಿಂತ ಬಸ್ಸುಗಳೂ ಅವುಗಳೊಳಗೆ ಮದ್ಯದ ಬಾಟಲಿಗಳೂ ಕಂಡವು; ಸಾರಿಗೆ ಸಚಿವರು ರಾಜ್ಯದ ನಿಲ್ದಾಣಗಳಲ್ಲಿ ಬಿದ್ದಿರುವ ಗುಜರಿ ಬಸ್ಸುಗಳನ್ನು ತೆಗೆಸಲು ಆದೇಶಿಸಿದರು. ಇಲ್ಲಿ ಅಪರಾಧಕ್ಕೆ ನೆರವಾದದ್ದು ಬೀದಿಯ ನಶೆಗಾರನಲ್ಲ; ಬಾಗಿಲಿಗೆ ಬೀಗವಿಲ್ಲದ ಬಸ್ಸು, ಬೆಳಕಿಲ್ಲದ ಮೂಲೆ, ಆ ಹೊತ್ತಿನಲ್ಲಿ ಕೇಳುವವರಿಲ್ಲದ ವ್ಯವಸ್ಥೆ. ಇದಕ್ಕೆ ಮೊದಲು, 2024ರ ಅಕ್ಟೋಬರಿನಲ್ಲಿ ಬೋಪದೇವ ಘಾಟಿಯಲ್ಲಿ ಗೆಳೆಯನೊಂದಿಗೆ ಹೋಗಿದ್ದ ಯುವತಿಯ ಮೇಲೆ ನಡೆದ ಸಾಮೂಹಿಕ ಅತ್ಯಾಚಾರದ ನಂತರ, ಘಾಟಿ ಮತ್ತು ಟೇಕಡಿಗಳ, ಅಂದರೆ ಗುಡ್ಡಗಳ, ಮೇಲೆ ಕ್ಯಾಮೆರಾ, ದೀಪ, ಸೈರನ್ ಅಳವಡಿಸುವ ಯೋಜನೆಯನ್ನು ಪೊಲೀಸರು ಪ್ರಕಟಿಸಿದರು. ಕ್ಯಾಮೆರಾ ಬೇಡವೆನ್ನಲಾಗದು, ಆದರೆ ಅದು ನಡೆದದ್ದನ್ನು ದಾಖಲಿಸುತ್ತದೆ, ನಡೆಯುವಾಗ ಅಡ್ಡ ಬರುವುದಿಲ್ಲ.

ಟೇಕಡಿಗಳ ಪ್ರಸಂಗ ಪುಣೆಗೇ ವಿಶಿಷ್ಟವಾದದ್ದು. ವೇತಾಳ, ತಳಜಾಯಿ, ಪರ್ವತಿ, ಫರ್ಗ್ಯುಸನ್ನಿನ ಹಿಂದಿನ ಹನುಮಾನ್ ಟೇಕಡಿ ಇವೆಲ್ಲ ಊರಿನ ಮಧ್ಯದಲ್ಲಿಯೇ ಇರುವ ಗುಡ್ಡಗಳು. ಬೆಳಗಿನ ಹೊತ್ತು ಇವು ನಿವೃತ್ತರ, ಓಟಗಾರರ, ಪಕ್ಷಿ ನೋಡುವವರ ಜಾಗ. ಕತ್ತಲಾದ ಮೇಲೆ ಚಿಲುಮೆ ಮತ್ತು ಬಾಟಲಿಗಳ ಜಾಗ. ಗುಡ್ಡ ಅದೇ, ಬದಲಾಗುವುದು ಅಲ್ಲಿ ಇರುವವರು. ಇದರ ವಿರುದ್ಧದ ಉದಾಹರಣೆಯಾಗಿ ಜಂಗಲಿ ಮಹಾರಾಜ ರಸ್ತೆಯನ್ನು ನೋಡಬಹುದು. ಪಾಲಿಕೆಯು ಅಲ್ಲಿ ಕಾಲುದಾರಿಯನ್ನು ಅಗಲಿಸಿ, ಕೂರಲು ಕಟ್ಟೆ, ಮಕ್ಕಳಿಗೆ ಆಟದ ಸಲಕರಣೆ, ನೆರಳು, ಬೆಳಕು ಕಲ್ಪಿಸಿದಾಗ ರಾತ್ರಿಯವರೆಗೂ ಅಜ್ಜಿ-ಮೊಮ್ಮಕ್ಕಳು ಕಾಣತೊಡಗಿದರು. 2021ರಿಂದ ಡಿಸೆಂಬರ್ 11ರಂದು ಲಕ್ಷ್ಮೀ ರಸ್ತೆಯಲ್ಲಿ ವಾಹನ ನಿಲ್ಲಿಸಿ ಆಚರಿಸುವ ಪಾದಚಾರಿ ದಿನವೂ ಇದೇ ಪಾಠ ಹೇಳುತ್ತದೆ. ಇದೇ ಪಾಲಿಕೆಯು ಮಾರನೆಯ ದಿನ ಬಂದು ವಡಾಪಾವ್ ಗಾಡಿ, ಹೂವಿನ ಬುಟ್ಟಿ, ಚಹಾದ ಅಂಗಡಿಗಳನ್ನು ಎತ್ತಿಸುವಾಗ, ರಾತ್ರಿ ಹನ್ನೊಂದಕ್ಕೂ ಆ ಮೂಲೆಯಲ್ಲಿ ಎಚ್ಚರವಾಗಿದ್ದ ಕಣ್ಣುಗಳನ್ನು ತಾನೇ ಕಿತ್ತುಹಾಕುತ್ತಿದ್ದೇನೆಂದು ಯೋಚಿಸುವುದಿಲ್ಲ.

ಹೊರದೇಶಗಳ ಅನುಭವವನ್ನು ಇನ್ನು ಸಂಕ್ಷೇಪವಾಗಿ ನೋಡಬಹುದು. ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದ ನಟ್ಟನಡುವಿನ ಪ್ಲಾಟ್ಸ್‌ಪಿಟ್ಸ್ ಉದ್ಯಾನದಲ್ಲಿ 1980ರ ದಶಕದ ಕೊನೆಯಲ್ಲಿ ಸಾವಿರಾರು ಜನ ಹಾಡುಹಗಲೇ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದರು. 1992ರಲ್ಲಿ ಪೊಲೀಸರು ಉದ್ಯಾನವನ್ನು ಮುಚ್ಚಿದರು; ಗುಂಪು ಸಮೀಪದ ಲೆಟ್ಟನ್ ಎಂಬ ಹಳೆಯ ರೈಲು ನಿಲ್ದಾಣಕ್ಕೆ ಹೋಯಿತು. ಅಲ್ಲಿಂದಲೂ ಅದು ಚದುರಿದ್ದು 1995ರಲ್ಲಿ, ತಡೆ, ಚಿಕಿತ್ಸೆ, ಹಾನಿಯ ಇಳಿಕೆ, ಕಾನೂನು ಈ ನಾಲ್ಕನ್ನೂ ಒಟ್ಟಿಗೆ ನಡೆಸತೊಡಗಿದ ಮೇಲೆ. ಹಾನಿಯ ಇಳಿಕೆ ಎಂದರೆ, ಇನ್ನೂ ಬಿಡಲಾರದವನಿಗೆ ಸೋಂಕು, ಅತಿಸೇವನೆಗಳಿಂದ ಸಾಯದಂತೆ ನೋಡಿಕೊಳ್ಳುವ ಕ್ರಮ. ಪೋರ್ಚುಗಲ್ 2001ರಲ್ಲಿ ಸ್ವಂತ ಸೇವನೆಯನ್ನು ಅಪರಾಧದ ಪಟ್ಟಿಯಿಂದ ತೆಗೆದು, ಸಿಕ್ಕಿದವನನ್ನು ನ್ಯಾಯಾಲಯಕ್ಕೆ ಬದಲು ವೈದ್ಯಕೀಯ-ಸಾಮಾಜಿಕ ಸಮಿತಿಯ ಮುಂದೆ ಕಳಿಸಿತು. ಅಮೆರಿಕದ ಓರೆಗನ್ ರಾಜ್ಯ 2021ರಲ್ಲಿ ಶಿಕ್ಷೆಯನ್ನು ಮೊದಲು ತೆಗೆದು ಚಿಕಿತ್ಸೆಯ ವ್ಯವಸ್ಥೆಯನ್ನು ಆಮೇಲೆ ಕಟ್ಟಲು ಹೋಗಿ, ಬೀದಿಗಳಲ್ಲಿನ ದೃಶ್ಯಕ್ಕೆ ಜನ ರೊಚ್ಚಿಗೆದ್ದಾಗ 2024ರ ಸೆಪ್ಟೆಂಬರಿನಲ್ಲಿ ಶಿಕ್ಷೆಯನ್ನು ಮರಳಿ ತಂದಿತು. ಶಿಕ್ಷೆ ಮಾತ್ರ ಇದ್ದಲ್ಲಿಯೂ, ಶಿಕ್ಷೆಯನ್ನು ಮಾತ್ರ ತೆಗೆದಲ್ಲಿಯೂ ಫಲ ಒಂದೇ ಆಯಿತು. ಚಿಕಿತ್ಸೆಯ ಬಾಗಿಲು ಹತ್ತಿರದಲ್ಲಿ ತೆರೆದಿದ್ದ ಕಡೆ ಮಾತ್ರ ಬೀದಿ ತಿಳಿಯಾಯಿತು.

ಪುಣೆಗೆ ಆ ಬಾಗಿಲು ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ, 1986ರಿಂದ ಇದೆ. ಆದರೆ ಯರವಡಾದ ಒಂದು ಸ್ವಯಂಸೇವಾ ಸಂಸ್ಥೆಯ ಮೇಲೆ ಎಪ್ಪತ್ತು-ಎಂಬತ್ತು ಲಕ್ಷ ಜನರ ಮಹಾನಗರವು ಭಾರ ಹಾಕಿ ಕೂರುವುದು ಅನ್ಯಾಯ. ಮೇಲೆ ಹೇಳಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರಕಿದೆ. ರೈಲು ನಿಲ್ದಾಣ, ಸ್ವಾರ್‌ಗೇಟ್, ಶಿವಾಜಿನಗರಗಳ ಪಾಲಿಕೆ ದವಾಖಾನೆಗಳಲ್ಲಿ ಸಂಜೆಯ ಹೊತ್ತು ವ್ಯಸನ ಚಿಕಿತ್ಸೆಯ ಹೊರರೋಗಿ ವಿಭಾಗ ನಡೆಯಬೇಕು. ಹಗಲು ದುಡಿಯುವವನು ಹಗಲಿನ ಆಸ್ಪತ್ರೆಗೆ ಬರಲಾರ. ಸೇವನೆಯ ಪ್ರಕರಣದಲ್ಲಿ ಹಿಡಿದವನಿಗೆ 64ಎ ಕಲಮನ್ನು ಆತನ ಭಾಷೆಯಲ್ಲಿ ಓದಿಹೇಳುವುದು ಠಾಣೆಯ ಕರ್ತವ್ಯವಾಗಬೇಕು. ನಿಲ್ದಾಣಗಳ ಮಕ್ಕಳನ್ನು ಎತ್ತಿ ಬಾಲಗೃಹಕ್ಕೆ ಹಾಕಿ ಮರೆಯುವ ಬದಲು, ಕಟ್ಟಡದ ಜಾಗಗಳಲ್ಲಿಯೇ ಅವರಿಗೆ ಶಾಲೆ ನಡೆಯಬೇಕು.

ಪುಣೆಯ ಕನ್ನಡ ಸಮಾಜಕ್ಕೂ ಇದರಲ್ಲಿ ಪಾಲಿದೆ. ಹೋಟೆಲು, ಬಾರುಗಳನ್ನು ನಡೆಸುವವರಲ್ಲಿ ಕರಾವಳಿ ಮೂಲದವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ವಯಸ್ಸು ನೋಡಿ ಮದ್ಯ ಕೊಡುವ, ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುವ ನಿಯಮಕ್ಕೆ ಅವರು ತಾವಾಗಿ ಬದ್ಧರಾದರೆ ಅಬಕಾರಿ ಇಲಾಖೆ ಮಾಡಲಾರದ್ದನ್ನು ಮಾಡಿದಂತಾಗುತ್ತದೆ. ಬೆಳಗಾವಿ, ಧಾರವಾಡ, ವಿಜಯಪುರಗಳಿಂದ ಓದಲು ಬಂದ ವಿದ್ಯಾರ್ಥಿಗಳನ್ನು ಬಾಡಿಗೆಗೆ ಇಟ್ಟುಕೊಂಡ ಮನೆಗಳವರು, ಹುಡುಗನ ನಡೆ ಬದಲಾದಾಗ ಕೋಣೆ ಖಾಲಿ ಮಾಡಿಸುವ ಮೊದಲು ಅವನ ಮನೆಯವರಿಗೂ ಒಬ್ಬ ವೈದ್ಯರಿಗೂ ತಿಳಿಸಲಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446; ಕರೆ ಉಚಿತ. ಈ ಸಂಖ್ಯೆಯನ್ನು ಕನ್ನಡದಲ್ಲಿ ಬರೆದ ಒಂದು ಫಲಕವನ್ನು ಪುಣೆಯ ಪ್ರತಿ ಕನ್ನಡ ಸಂಸ್ಥೆ, ವಿದ್ಯಾರ್ಥಿ ನಿಲಯ ಮತ್ತು ಹೋಟೆಲಿನ ಬಾಗಿಲಲ್ಲಿ ತೂಗುಹಾಕುವ ಕೆಲಸವನ್ನು ಈ ಸಭೆಯಲ್ಲಿರುವವರು ಈ ತಿಂಗಳೇ ಆರಂಭಿಸಬೇಕೆಂದು ವಿನಂತಿ.